ಹೇಳಿದವರು ಯಾರು ಅಂತ ಕೇಳು

ಚಿ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

'ವಿಡಿಯೋ ಕಣ್ಣಾರೆ ನೋಡಿದ ಮೇಲೂ ನಂಬಬಾರದು ಅಂದ್ರೆ ಇನ್ನೇನು ನಂಬೋದು?' ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಂಥ ಕಡೆ ಎಲ್ಲರೂ ಕತ್ತಲಲ್ಲಿ ಹಗ್ಗವನ್ನು ಹಾವು ಅಂದುಕೊಂಡ ಕತೆ ಹೇಳುತ್ತಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಹಗ್ಗ ಸುಮ್ನೆ ಬಿದ್ದಿರುತ್ತದೆ. ಮೊಬೈಲಿನ ಹಾವನ್ನು ಯಾರೋ ಬೇಕಂತಲೇ ಬಿಟ್ಟಿರುತ್ತಾರೆ.

2018ರಲ್ಲಿ ಮಕ್ಕಳ ಕಳ್ಳರ ವಿಡಿಯೋ ಒಂದು ದೇಶದ ತುಂಬ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ನಿಜಕ್ಕೂ ಅದು ಕರಾಚಿಯಲ್ಲಿ, ಮಕ್ಕಳ ಬಗ್ಗೆ ಎಚ್ಚರ ಹೇಳಲು ತೆಗೆದ ಚಿತ್ರ. ಅವರು ತಿರುಗಿ ಬಂದು ಹುಡುಗನನ್ನು ಬಿಟ್ಟು, ಒಂದು ಬರಹ ಎತ್ತಿ ತೋರಿಸುತ್ತಾರೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿದರು. ಅಷ್ಟೇ. ಇಂಥ ವದಂತಿ ನಂಬಿ ಜನ ಅಮಾಯಕರನ್ನು ಹೊಡೆದು ಕೊಂದರು. ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಒಬ್ಬರು ಸತ್ತರು. ಅದರಲ್ಲಿ ಎಐ ಇರಲಿಲ್ಲ ನೋಡು. ಕತ್ತರಿ ಸಾಕಾಯಿತು.

ತರ್ಕದ ಬಗ್ಗೆ ಹೇಳುವ ನಮ್ಮ ಹಳೆಯ ಶಾಸ್ತ್ರವಾದ ನ್ಯಾಯ ದರ್ಶನದಲ್ಲಿ ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಇನ್ನೊಬ್ಬರು ಹೇಳಿ ತಿಳಿದದ್ದು ಶಬ್ದ. ವಿಡಿಯೋವನ್ನು ನಾವು ಪ್ರತ್ಯಕ್ಷ ಅಂದುಕೊಳ್ಳುತ್ತೇವೆ. ಎಡವಟ್ಟಾಗೋದು ಅಲ್ಲೇ. ಅದು ಇನ್ನೊಬ್ಬರ ಮಾತು. ಮಾತು ಅಂದ ಮೇಲೆ ಹೇಳಿದವರು ಯಾರು ಅಂತ ಕೇಳಬೇಕು. ಆ ಶಾಸ್ತ್ರದ ಮೂಲಗ್ರಂಥ, ಗೌತಮ ಮುನಿಯ ನ್ಯಾಯಸೂತ್ರ, ಆಪ್ತನ ಮಾತನ್ನಷ್ಟೇ ಪ್ರಮಾಣ, ಅಂದರೆ ನಂಬಬಹುದಾದ ಆಧಾರ, ಅನ್ನುತ್ತದೆ. ಅದಕ್ಕೆ ಭಾಷ್ಯ (ವಿವರಣೆ) ಬರೆದ ವಾತ್ಸ್ಯಾಯನನ ಪ್ರಕಾರ ಆಪ್ತ ಅಂದರೆ ವಿಷಯವನ್ನು ತಾನೇ ನೇರವಾಗಿ ತಿಳಿದು, ತಿಳಿದಂತೆಯೇ ಹೇಳಬಯಸುವವನು. ಋಷಿಯಾದರೂ ಮ್ಲೇಚ್ಛನಾದರೂ (ಹೊರಗಿನವನಾದರೂ) ಲಕ್ಷಣ ಒಂದೇ ಅನ್ನುತ್ತಾನೆ. ಆ ಕಾಲಕ್ಕೆ ದೊಡ್ಡ ಮಾತು ಅದು!

ನಿನ್ನ ಚಿಕ್ಕಪ್ಪ ಚಿನ್ನದಂಥ ಮನುಷ್ಯ, ಸುಳ್ಳು ಹೇಳುವವನಲ್ಲ. ಆದರೆ ಅವನು ಫಾರ್ವರ್ಡ್ ಮಾಡಿದ್ದನ್ನು ಅವನೂ ಕಂಡಿರುವುದಿಲ್ಲ, ಅಲ್ವಾ? ಆ ವಿಷಯಕ್ಕೆ ಅವನು ಆಪ್ತನಲ್ಲ. ಹಾಗಂತ ಫ್ಯಾಮಿಲಿ ಗ್ರೂಪಿನಲ್ಲಿ ಅವನ ಮಾನ ಕಳೆಯಬೇಡ. ಬೇರೆಯಾಗಿ ಫೋನ್ ಮಾಡಿ ಹೇಳು.

ಗುರುತಿನ ದನಿ ಹಣ ಕೇಳಿದರೂ ಇದೇ ಲೆಕ್ಕ. ದನಿಯನ್ನೂ ಈಗ ನಕಲು ಮಾಡುತ್ತಾರೆ. ಕಾಲ್ ಕಟ್ ಮಾಡಿ, ನಿನ್ನ ಹತ್ತಿರ ಮೊದಲೇ ಇರುವ ನಂಬರಿಗೆ ನೀನೇ ಫೋನ್ ಮಾಡು.

ಇನ್ನು, ಎಲ್ಲವೂ ಸುಳ್ಳು ಅಂತ ಕೈತೊಳೆದುಕೊಳ್ಳೋದು ಬರೀ ಸೋಮಾರಿತನ. ನ್ಯಾಯಸೂತ್ರ ಪಟ್ಟಿ ಮಾಡುವ 16 ಪದಾರ್ಥಗಳಲ್ಲಿ, ಅಂದರೆ ತಿಳಿಯಬೇಕಾದ ವಿಷಯಗಳಲ್ಲಿ, ಸಂಶಯ 3ನೆಯದು. ನಿರ್ಣಯವೂ ಇದೆ, 9ನೆಯದಾಗಿ. ನಡುವೆ ಕೆಲಸ ಜಾಸ್ತಿ ಇದೆ.

ನೀನು ಕಳಿಸಿದ ಆ ಡಾಕ್ಟರ ಕ್ಲಿಪ್ಪನ್ನು ನಾನಿನ್ನೂ ಯಾರಿಗೂ ಕಳಿಸಿಲ್ಲ. ಅವರು ಯಾರು, ಪೂರ್ತಿ ವಿಡಿಯೋ ಎಲ್ಲಿದೆ ಅಂತ ಗೊತ್ತಾದರೆ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ