ಜಾರುಗಂಟು ಕಲಿಸಿದ ಹಿರಿಯರಿಗೆ

ಆಗಸ್ಟ್ 15ರ ಬೆಳಿಗ್ಗೆ ಮೂಡಿಗೆರೆ ಕಡೆಯ ನಮ್ಮ ಶಾಲೆಯಲ್ಲಿ ಬಾವುಟ ಕಟ್ಟಿಕೊಟ್ಟ ಹಿರಿಯರೇ, ಗಡಿಬಿಡಿಯಲ್ಲಿ ನಿಮ್ಮ ಹೆಸರೇ ಕೇಳಲಿಲ್ಲ.

ಪ್ರತಿ ವರ್ಷ ಕಟ್ಟುವ ಮೇಷ್ಟ್ರಿಗೆ ಜ್ವರ. ನಾನು ಹೊಸಬಳು. ಜಿಟಿಜಿಟಿ ಮಳೆ, ನೆನೆದ ಹಗ್ಗ. ಎರಡು ಸಲ ಎಳೆದು ನೋಡಿದರೂ ಗಂಟು ಬಿಚ್ಚಲಿಲ್ಲ. ಮಕ್ಕಳು ಆಗಲೇ ಸಾಲಾಗಿ ನಿಂತಿದ್ದರು. ಅಳು ಬರುವುದೊಂದು ಬಾಕಿ.

ಡೈರಿಗೆ ಹೊರಟಿದ್ದ ನೀವು ಹಾಲಿನ ಕ್ಯಾನ್ ಗೇಟಿನ ಹತ್ತಿರ ಇಟ್ಟು ಬಂದಿರಿ. ಮೊದಲು ಕೈ ಒರೆಸಿಕೊಂಡಿರಿ. ಕೇಸರಿ ಮೇಲಿದೆಯಾ ಅಂತ ನೋಡಿ, ಮಡಿಸಿ, ಒಳಗೆ ಹೂವಿನ ಎಸಳು ಹಾಕಿ ಜಾರುಗಂಟು ಬಿಗಿದಿರಿ. ಆಮೇಲೆ ಅದನ್ನೇ ಬಿಚ್ಚಿ, 'ಈಗ ನೀವು ಹಾಕಿ ಮೇಡಂ' ಅಂದಿರಿ!

'ಸ್ಕೂಲಲ್ಲಿ ಸೇವಾದಳದವರು ಕಲಿಸಿದ್ದು' ಅಂದಿರಿ, ಅಷ್ಟೇ. 1923ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ನಾ.ಸು. ಹರ್ಡೀಕರ್ ಕಟ್ಟಿದ ದಳ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದ ಸ್ವಯಂಸೇವಕರು, ಇದನ್ನೆಲ್ಲ ನಾನು ಮಕ್ಕಳಿಗೆ ಪಾಠ ಮಾಡಿದ್ದೇನೆ. ಗಂಟು ಹಾಕೋಕೆ ಮಾತ್ರ ಬರ್ತಿರಲಿಲ್ಲ.

ಕಾಫಿಗೆ ಕರೆದರೆ 'ಹಾಲು ಅಳೆಯೋ ಟೈಮ್ ಆಯ್ತು' ಅಂತ ಹೊರಟಿರಿ. ಹಗ್ಗ ಎಳೆದೆ, ಎಸಳು ಉದುರಿತು. ತಿರುಗಿ ನೋಡಿದರೆ ನೀವು ರಸ್ತೆಯಲ್ಲೇ ಕ್ಯಾನ್ ಇಳಿಸಿ, ಮಳೆಯಲ್ಲಿ ನೆಟ್ಟಗೆ ನಿಂತಿದ್ದಿರಿ.