ವಿಧೇಯತೆಯ ಪಾಠಗಳ ಕುರಿತು ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ತಮಗೆಲ್ಲರಿಗೂ ವಂದನೆಗಳು.

ಪ್ರೌಢ ವಿಭಾಗದ ಮಕ್ಕಳಿಗೆ ಈ ಅವಧಿಯ ಸತ್ಯವೇದ ತರಗತಿಗಳಲ್ಲಿ ವಿಧೇಯತೆ ಮತ್ತು ಅವಿಧೇಯತೆಯ ವಿಷಯವನ್ನು ತೆಗೆದುಕೊಂಡಿದ್ದೇವೆ. ಪಾಠಗಳು ಆರಂಭವಾದ ಮೇಲೆ ತಮ್ಮಲ್ಲಿ ಕೆಲವರು ನನ್ನನ್ನು ಭೇಟಿಯಾಗಿ, ಮನೆಯಲ್ಲಿ ಮಕ್ಕಳು ಎದುರುತ್ತರ ಕೊಡುವುದು ಹೆಚ್ಚಾಗಿದೆ, ಶಾಲೆಯಲ್ಲಾದರೂ ಹಿರಿಯರ ಮಾತನ್ನು ಮರುಮಾತಿಲ್ಲದೆ ಕೇಳುವುದನ್ನು ಕಲಿಸಬಾರದೇ ಎಂದು ಕೇಳಿದಿರಿ. ತರಗತಿಯಲ್ಲಿ ಮಕ್ಕಳ ಪ್ರಶ್ನೆಗಳಿಗೆ ಅಷ್ಟೊಂದು ಎಡೆಗೊಡುವುದು ಸರಿಯೇ ಎಂಬ ಸಂದೇಹವನ್ನೂ ಕೆಲವರು ವ್ಯಕ್ತಪಡಿಸಿದಿರಿ. ತಮ್ಮ ಕಳವಳವನ್ನು ನಾನು ಹಗುರವಾಗಿ ಎಣಿಸಿಲ್ಲ. ಆದ್ದರಿಂದಲೇ ನಾವು ಏನನ್ನು ಕಲಿಸುತ್ತಿದ್ದೇವೆ, ಹಾಗೆ ಕಲಿಸುವುದೇಕೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ.

ದೇವರಿಗೆ ತಿರುಗಿಬೀಳುವುದನ್ನು ಸತ್ಯವೇದವು ಎಲ್ಲಿಯೂ ಸಣ್ಣ ತಪ್ಪೆಂದು ಹೇಳುವುದಿಲ್ಲ. ನಾವೂ ಹಾಗೆ ಹೇಳುತ್ತಿಲ್ಲ. ಆದರೆ ತಿರುಗಿಬೀಳುವವನು ಯಾವಾಗಲೂ ಕೂಗಾಡುತ್ತಾ, ಬಾಗಿಲು ಬಡಿಯುತ್ತಾ ಬರುವುದಿಲ್ಲ. ಹಲವು ಸಲ ಅವನು ಬಹಳ ಭಕ್ತಿಯಿಂದ, ಕೈಯಲ್ಲಿ ಕಾಣಿಕೆ ಹಿಡಿದುಕೊಂಡೇ ಬರುತ್ತಾನೆ. ಮಕ್ಕಳು ಇದನ್ನು ಗುರುತಿಸಲು ಕಲಿಯಲಿ ಎಂದು ನಾವು ಮೊದಲ ಸಮುವೇಲನ ಗ್ರಂಥದ 15ನೇ ಅಧ್ಯಾಯದಿಂದ ಆರಂಭಿಸಿದೆವು.

ಇಸ್ರಾಯೇಲ್ಯರ ವೈರಿಗಳಾದ ಅಮಾಲೇಕ್ಯರದ್ದೇನನ್ನೂ ಉಳಿಸಬಾರದೆಂಬ ದೇವರ ಆಜ್ಞೆಯಿದ್ದರೂ ಇಸ್ರಾಯೇಲಿನ ಅರಸನಾದ ಸೌಲನು ಅವರ ರಾಜ ಅಗಾಗನನ್ನೂ ಮಂದೆಯಲ್ಲಿ ಒಳ್ಳೊಳ್ಳೆಯ ಕುರಿದನಗಳನ್ನೂ ಉಳಿಸಿಕೊಳ್ಳುತ್ತಾನೆ. (ಅಂಥ ಆಜ್ಞೆ ಏಕೆ ಬಂತು ಎಂದು ಮಕ್ಕಳು ನೊಂದುಕೊಂಡೇ ಕೇಳಿದರು. ಅದು ಕೇಳಬೇಕಾದ ಪ್ರಶ್ನೆ. ಅದನ್ನು ಅದುಮದೆ, ಅದಕ್ಕಾಗಿಯೇ ಬೇರೊಂದು ತರಗತಿಯನ್ನು ಮೀಸಲಿಟ್ಟಿದ್ದೇವೆ.) ಪ್ರವಾದಿ ಸಮುವೇಲನು ಬಂದಾಗ ಸೌಲನು ತಾನಾಗಿಯೇ ಮುಂದೆ ಬಂದು, ಯೆಹೋವನ ಆಜ್ಞೆಯನ್ನು ನೆರವೇರಿಸಿದ್ದೇನೆ ಎನ್ನುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು ಎಂದು ಸಮುವೇಲನು ಕೇಳಿದ ಮೇಲೆ ನೆಪಗಳು ಒಂದರ ಹಿಂದೆ ಒಂದರಂತೆ ಹೊರಬರುತ್ತವೆ: ಉಳಿಸಿದವರು ಜನರು, ಉಳಿಸಿದ್ದು ದೇವರಿಗೆ ಯಜ್ಞ ಅರ್ಪಿಸುವುದಕ್ಕೆ. ಯಜ್ಞಕ್ಕಿಂತ ಮಾತು ಕೇಳುವುದೇ ಉತ್ತಮ ಎಂಬ ಪ್ರವಾದಿಯ ಉತ್ತರವನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಆದರೆ ಅದರ ನಂತರದ ಭಾಗವನ್ನು ನಾವು ಸಾಮಾನ್ಯವಾಗಿ ಓದದೆ ಬಿಡುತ್ತೇವೆ. ಸೌಲನು ಕೊನೆಗೆ ಪಾಪ ಮಾಡಿದ್ದೇನೆ ಎಂದು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡವನೇ, ನನ್ನ ಜನರ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಎಂದು ಬೇಡಿಕೊಳ್ಳುತ್ತಾನೆ. ಮುಂದೆ ಸೌಲನ ನಂತರ ಅರಸನಾದ ದಾವೀದನು ಪರಸ್ತ್ರೀಯನ್ನು ಕೂಡಿ ಅವಳ ಗಂಡನನ್ನು ಕೊಲ್ಲಿಸಿದ ಪಾಪವನ್ನು ಪ್ರವಾದಿ ನಾತಾನನು ಅವನ ಮುಖಕ್ಕೇ ಹೇಳಿದಾಗ ದಾವೀದನಿಂದ ಬಂದ ಉತ್ತರದಲ್ಲಿ ಇಂಥ ಬೇಡಿಕೆ ಇರಲಿಲ್ಲ. ದಾವೀದನ ಅಪರಾಧ ಸೌಲನದ್ದಕ್ಕಿಂತ ಚಿಕ್ಕದೆಂದು ಯಾರೂ ಹೇಳಲಾರರು. ಇಬ್ಬರ ನಡುವಿನ ವ್ಯತ್ಯಾಸವಿರುವುದು ತಪ್ಪು ಬಯಲಾದ ಮೇಲೆ ಅವರು ದೇವರ ಕಡೆಗೆ ತಿರುಗಿದ ರೀತಿಯಲ್ಲಿ.

ಇದನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವಿದೆ. ತಪ್ಪು ಮಾಡಿದ ಮಕ್ಕಳಿಂದ ಕ್ಷಮಾಪಣೆ ಪತ್ರ ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಇತ್ತೀಚೆಗೆ ಅಂಥದೊಂದು ಪತ್ರ ನನ್ನ ಮೇಜಿಗೆ ಬಂತು. ಅಕ್ಷರ ದುಂಡಗಿತ್ತು, ಒಂದೂ ಕಾಗುಣಿತ ತಪ್ಪಿರಲಿಲ್ಲ, 'ಇನ್ನು ಮುಂದೆ ಈ ರೀತಿ ನಡೆದುಕೊಳ್ಳುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸುತ್ತೇನೆ' ಎಂಬಂಥ ದೊಡ್ಡವರ ವಾಕ್ಯಗಳಿದ್ದವು. ಆ ವಿದ್ಯಾರ್ಥಿ ಪೆನ್ನಿನ ಮುಚ್ಚಳ ಹಾಕುತ್ತಾ, ಸಹಿ ಮಾಡಿದರೆ ಇದು ಮುಗಿಯಿತಲ್ಲವೇ ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ವಿಧೇಯತೆಯೆಂದರೆ ಇಷ್ಟೇ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಹಾಗೆ ನಂಬುವಂತೆ ಅವನನ್ನು ಬೆಳೆಸಿದವರು ದೊಡ್ಡವರಾದ ನಾವೆಲ್ಲರೂ. ಅಂಥ ಮಗು ನಮಗೆ ತೊಂದರೆ ಕೊಡುವುದಿಲ್ಲ, ಅದರ ಮೇಲೆ ದೂರು ಬರುವುದಿಲ್ಲ. ಆದರೆ ಅದರ ಮನಸ್ಸು ದೇವರ ಮುಂದೆ ಎಲ್ಲಿ ನಿಂತಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಸಿಟ್ಟಿನಿಂದ ಆಗುವುದಿಲ್ಲ ಎಂದು ಹೇಳಿ ಆಮೇಲೆ ಮನಸ್ಸು ಬದಲಾಯಿಸಿಕೊಂಡು ಬರುವ ಮಗುವಿನ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಮತ್ತಾಯನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ಹೇಳಿದ ಇಬ್ಬರು ಮಕ್ಕಳಲ್ಲಿ ತಂದೆಯ ಚಿತ್ತದಂತೆ ನಡೆದವನು ಮೊದಲು ಒಲ್ಲೆನೆಂದವನೇ.

ಲೂಕನ ಸುವಾರ್ತೆಯ 15ನೇ ಅಧ್ಯಾಯದ ಹಿರಿಯ ಮಗನೂ ನೆನಪಾಗುತ್ತಾನೆ. ಮನೆ ಬಿಟ್ಟು ಹೋಗಿ ಆಸ್ತಿಯನ್ನು ಹಾಳುಮಾಡಿ ಹಿಂದಿರುಗಿದ ತಮ್ಮನಿಗೆ ತಂದೆ ಔತಣ ಮಾಡಿಸಿದಾಗ ಅವನು ಸಿಟ್ಟಾಗುತ್ತಾನೆ. ಇಷ್ಟು ವರುಷ ನಿನಗೆ ಸೇವೆ ಮಾಡಿದೆ, ನಿನ್ನ ಒಂದಪ್ಪಣೆಯನ್ನೂ ಮೀರಲಿಲ್ಲ, ನನಗೆ ನೀನು ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದು ಅವನು ಲೆಕ್ಕ ಒಪ್ಪಿಸುತ್ತಾನೆ. ಮನೆ ಬಿಟ್ಟು ಹೋಗದಿದ್ದರೂ ಅವನು ತಂದೆಯ ಸಂತೋಷದಲ್ಲಿ ಪಾಲುಗೊಳ್ಳಲಾರದೆ ಹೊರಗೆ ನಿಂತಿದ್ದಾನೆ. ಶಿಸ್ತಿನ ಅಂಕಗಳಿಂದ ಮಾತ್ರ ವಿಧೇಯತೆಯನ್ನು ಅಳೆಯುವ ಶಾಲೆ ಇಂಥ ಹಿರಿಯ ಮಕ್ಕಳನ್ನೇ ತಯಾರಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ನಾವು ಮಕ್ಕಳ ಮುಂದಿಡುವ ವಿಧೇಯತೆ ಯಾವುದು? ಅದು ಯೇಸುವಿನದ್ದು. ಹನ್ನೆರಡನೆಯ ವಯಸ್ಸಿನಲ್ಲಿ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳುತ್ತಿದ್ದ ಬಾಲಕನೇ ಅನಂತರ ನಜರೇತಿಗೆ ಹಿಂದಿರುಗಿ ತಂದೆತಾಯಿಗಳಿಗೆ ಅಧೀನನಾಗಿದ್ದನು. ಪ್ರಶ್ನೆಯನ್ನೂ ವಿಧೇಯತೆಯನ್ನೂ ಲೂಕನು ಒಂದೇ ಪ್ರಸಂಗದಲ್ಲಿ ಹೇಳುತ್ತಾನೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಆತನು ಈ ಸಂಕಟದ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು ಮುಚ್ಚುಮರೆಯಿಲ್ಲದೆ ಬೇಡಿ, ಅದೇ ಉಸಿರಿನಲ್ಲಿ ನಿನ್ನ ಚಿತ್ತವೇ ಆಗಲಿ ಎಂದನು. ದೇವಕುಮಾರನು ಸಹ ಅನುಭವಿಸಿದ ಬಾಧೆಗಳಿಂದಲೇ ವಿಧೇಯತೆಯನ್ನು ಕಲಿತನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯು ಹೇಳುವಾಗ, ಹದಿನಾಲ್ಕು ವರ್ಷದ ಮಗು ಅದನ್ನು ಒಂದೇ ದಿನದಲ್ಲಿ ಕಲಿಯಬೇಕೆಂದು ನಾವು ಹಟ ಹಿಡಿಯುವುದು ನ್ಯಾಯವಲ್ಲ.

ಇನ್ನೊಂದು ಮಾತನ್ನು ಸ್ಪಷ್ಟವಾಗಿಯೇ ಹೇಳಬೇಕಾಗಿದೆ. ಮನುಷ್ಯರಿಗೆ ಸಲ್ಲುವ ವಿಧೇಯತೆಗೆ ಮಿತಿಯುಂಟು. ಇಬ್ರಿಯರ ಗಂಡು ಶಿಶುಗಳನ್ನು ಕೊಲ್ಲಬೇಕೆಂಬ ಐಗುಪ್ತದ ಅರಸ ಫರೋಹನ ಅಪ್ಪಣೆಯನ್ನು ಸೂಲಗಿತ್ತಿಯರು ಪಾಲಿಸಲಿಲ್ಲ. ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದನು. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಪೇತ್ರನೂ ಇತರ ಅಪೊಸ್ತಲರೂ ಯೆಹೂದ್ಯರ ಹಿರೀಸಭೆಯ ಮುಂದೆ ಹೇಳಿದರು, ಅದಕ್ಕಾಗಿ ಹೊಡೆತ ತಿಂದರು. 1934ರ ಮೇ ತಿಂಗಳಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಕೂಡಿದ ಪ್ರೊಟೆಸ್ಟಂಟ್ ಸಭೆಗಳ ಪ್ರತಿನಿಧಿಗಳು, ಬಾಳಿನಲ್ಲಿಯೂ ಸಾವಿನಲ್ಲಿಯೂ ತಾವು ಕೇಳಿ ವಿಧೇಯರಾಗಬೇಕಾದ ದೇವರ ವಾಕ್ಯವು ಯೇಸು ಕ್ರಿಸ್ತನೊಬ್ಬನೇ ಎಂದು ಸಾರಿದ್ದು ಹಿಟ್ಲರನ ಆಳ್ವಿಕೆಯಲ್ಲಿ. ಸಭೆಯನ್ನು ನಾಜಿ ಆಡಳಿತಕ್ಕೆ ಅಧೀನಗೊಳಿಸುವುದನ್ನು ಎದುರಿಸಿದ ಅದೇ ಚಳವಳಿಗೆ ಸೇರಿದ ಪಾಸ್ಟರ್ ಡೀಟ್ರಿಚ್ ಬಾನ್‌ಹಾಫರ್ ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಲಾಯಿತು. ಇವರು ಯಾರೂ ತಮ್ಮ ಇಷ್ಟ ಸಾಧಿಸುವುದಕ್ಕಾಗಿ ಎದುರು ನಿಂತವರಲ್ಲ. ತನಗೆ ಬೇಕಾದ್ದು ಸಿಗಲಿಲ್ಲವೆಂದು ಮುನಿಸಿಕೊಳ್ಳುವುದಕ್ಕೂ ಕೆಡುಕಿನಲ್ಲಿ ಪಾಲುಗೊಳ್ಳಲಾರೆನೆಂದು ನಿಲ್ಲುವುದಕ್ಕೂ ಇರುವ ಅಂತರವನ್ನು ಮಕ್ಕಳು ಬಲ್ಲವರಾಗಬೇಕು.

ಇದು ಹಳೆಯ ಕಾಲದ ಅರಸರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಯಾರೇ ದೊಡ್ಡವರು, ಅವರು ಶಿಕ್ಷಕರಾಗಿರಲಿ, ಸಭೆಯ ಹಿರಿಯರಾಗಿರಲಿ, ಬಂಧುಗಳಾಗಿರಲಿ, ತಪ್ಪು ಕೆಲಸವನ್ನು ಮಾಡೆಂದರೆ ಅಥವಾ ಮನಸ್ಸಿಗೆ ನೋವಾಗುವ ಗುಟ್ಟನ್ನು ಯಾರಿಗೂ ಹೇಳಬೇಡವೆಂದರೆ, ಆ ಮಾತನ್ನು ಮೀರಿ ನಂಬಿಕಸ್ಥರಿಗೆ ತಿಳಿಸಬೇಕೆಂದು ನಾವು ಮಕ್ಕಳಿಗೆ ಹೇಳಿದ್ದೇವೆ. ಹಾಗೆ ಮೀರುವುದು ದೇವರಿಗೆ ವಿರುದ್ಧವಾದ ಪಾಪವಲ್ಲವೆಂದೂ ಹೇಳಿದ್ದೇವೆ. ಮರುಮಾತಿಲ್ಲದ ವಿಧೇಯತೆಯನ್ನು ಮಾತ್ರ ಕಲಿತ ಮಗುವಿಗೆ ಅಂಥ ಹೊತ್ತಿನಲ್ಲಿ ಬಾಯಿ ಬರುವುದಿಲ್ಲ.

ಎಫೆಸದವರಿಗೆ ಬರೆಯುವಾಗ ಪೌಲನು ತಂದೆತಾಯಿಗಳ ಮಾತು ಕೇಳಿರಿ ಎಂದು ಮಕ್ಕಳಿಗೆ ಹೇಳಿ, ಒಡನೆಯೇ ಮಕ್ಕಳಿಗೆ ಕೋಪ ಎಬ್ಬಿಸಬೇಡಿರೆಂದು ತಂದೆಗಳ ಕಡೆಗೂ ತಿರುಗುತ್ತಾನೆ. ಕೊಲೊಸ್ಸೆಯವರಿಗೆ ಬರೆಯುವಾಗ ಮಕ್ಕಳು ಮನಗುಂದಾರು ಎಂಬ ಕಾರಣವನ್ನೂ ಕೊಡುತ್ತಾನೆ. ಅಪ್ಪಣೆ ಕೊಡುವ ನಾವು ಸ್ವತಃ ಒಬ್ಬ ಯಜಮಾನನ ಅಪ್ಪಣೆಯ ಕೆಳಗಿದ್ದೇವೆ ಎಂಬುದನ್ನು ಮಕ್ಕಳು ನಮ್ಮ ನಡೆಯಲ್ಲಿ ಕಾಣದೆ ಹೋದರೆ ಯಾವ ಪಾಠವೂ ಅವರಿಗೆ ತಾಗದು. ಮನೆಯಲ್ಲಿ ತಾವು ಅನ್ಯಾಯವಾಗಿ ಗದರಿಸಿದ್ದು ಅರಿವಾದ ದಿನ, ಮಗುವಿನ ಬಳಿ ಕುಳಿತು ಅದನ್ನು ಒಪ್ಪಿಕೊಳ್ಳಿ. ಹಾಗೆ ಮಾಡಿದ ತಂದೆತಾಯಿಗಳ ಅಧಿಕಾರ ಕುಗ್ಗಿದ್ದನ್ನು ನಾನು ಕಂಡಿಲ್ಲ.

ಇನ್ನು ಮುಂದೆ ಕ್ಷಮಾಪಣೆ ಪತ್ರಗಳನ್ನು ಮನೆಗೆ ಕಳುಹಿಸುವುದಿಲ್ಲ. ತಪ್ಪು ಮಾಡಿದ ಮಗು ತರಗತಿ ಶಿಕ್ಷಕರೊಡನೆ ಕುಳಿತು ಮಾತನಾಡಿದ ನಂತರ, ನೊಂದವರ ಬಳಿಗೆ ಹೋಗಿ ತನ್ನದೇ ಮಾತಿನಲ್ಲಿ ಕ್ಷಮೆ ಕೇಳಲಿ, ಆದ ನಷ್ಟವನ್ನು ತನ್ನ ಕೈಲಾದಷ್ಟು ತುಂಬಿಕೊಡಲಿ. ಅದಕ್ಕೆ ಒಂದೆರಡು ದಿನ ಹೆಚ್ಚು ಹಿಡಿದರೆ ತಾವು ಅವಸರಪಡಿಸಬಾರದೆಂದು ಕೋರುತ್ತೇನೆ. ಪಾಠಗಳ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳ ಪೋಷಕರು ಯಾವುದೇ ಕೆಲಸದ ದಿನ ಶಾಲೆ ಬಿಟ್ಟ ನಂತರ ನನ್ನನ್ನು ಕಾಣಬಹುದು; ಮಗುವನ್ನೂ ಜೊತೆಗೆ ಕರೆತಂದರೆ ಸಂತೋಷ.

ಕ್ರಿಸ್ತನ ಸೇವೆಯಲ್ಲಿ,
ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು