ಮಗಳಿಗೊಂದು ಪತ್ರ: ಸರಾಸರಿ ಜವದ ಲೆಕ್ಕ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಲೆಕ್ಕದ ಹಾಳೆಯನ್ನು ನೋಡಿದೆ. ಮೈಸೂರಿನಿಂದ ಮಡಿಕೇರಿಗೆ ಗಂಟೆಗೆ 40 ಕಿ.ಮೀ. ಜವದಲ್ಲಿ ಹೋದ ಬಸ್ಸು ಅದೇ ದಾರಿಯಲ್ಲಿ 60 ಕಿ.ಮೀ. ಜವದಲ್ಲಿ ಹಿಂತಿರುಗಿದರೆ ಸರಾಸರಿ ಜವ ಎಷ್ಟು ಎಂಬ ಪ್ರಶ್ನೆಗೆ, ಎರಡನ್ನೂ ಕೂಡಿಸಿ ಅರ್ಧ ಮಾಡಿ 50 ಎಂದು ಬರೆದಿದ್ದೀಯೆ. ಸರಿಯಾದ ಉತ್ತರ 48. ವ್ಯತ್ಯಾಸ ಚಿಕ್ಕದಾದರೂ ಅದರ ಕಾರಣ ನಿನಗೆ ಚೆನ್ನಾಗಿ ಮನವರಿಕೆಯಾಗಬೇಕೆಂಬ ಆಸೆಯಿಂದ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕ್ರಮಿಸಿದ ಒಟ್ಟು ದೂರವನ್ನು ಹಿಡಿದ ಒಟ್ಟು ಕಾಲದಿಂದ ಭಾಗಿಸಿದರೆ ಸರಾಸರಿ ಜವ ಸಿಗುತ್ತದೆ. ದಾರಿಯನ್ನು ಸುಮಾರು 120 ಕಿ.ಮೀ. ಎಂದಿಟ್ಟುಕೊಂಡರೆ ಹೋಗಲು 3 ಗಂಟೆ, ಬರಲು 2 ಗಂಟೆ. 240ನ್ನು 5ರಿಂದ ಭಾಗಿಸಿದರೆ 48. ಬಸ್ಸು ಮೂರು ಗಂಟೆ ಕಾಲ 40ರಲ್ಲಿ ಓಡಿದೆ, 60ರಲ್ಲಿ ಓಡಿದ್ದು ಎರಡೇ ಗಂಟೆ. ನಿಧಾನದ ಓಟವೇ ಹೆಚ್ಚು ಹೊತ್ತು ನಡೆದಿರುವುದರಿಂದ ಸರಾಸರಿಯೂ ಅದರ ಕಡೆಗೇ ವಾಲುತ್ತದೆ. ಎರಡೂ ಜವಗಳಲ್ಲಿ ಸಮನಾದ ಹೊತ್ತು ಓಡಿದ್ದರೆ ನಿನ್ನ 50 ಸರಿಯಾಗುತ್ತಿತ್ತು. ಆದ್ದರಿಂದ ಪ್ರಶ್ನೆಯಲ್ಲಿ ಸಮನಾಗಿರುವುದು ದೂರವೋ ಕಾಲವೋ ಎಂಬುದನ್ನು ಮೊದಲು ನೋಡು.

ಜವಗಳ ಗುಣಲಬ್ಧದ ಎರಡರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸುವ ಸೂತ್ರವೊಂದಿದೆ. ಅದನ್ನು ಬಾಯಿಪಾಠ ಮಾಡುವುದು ನನಗೆ ಇಷ್ಟವಿಲ್ಲ. ಇದೇ ಬಸ್ಸು ಕುಶಾಲನಗರದಲ್ಲಿ ಅರ್ಧ ಗಂಟೆ ನಿಂತಿತೆಂದು ಪ್ರಶ್ನೆಯಲ್ಲಿ ಸೇರಿಸಿದರೆ ಆ ಸೂತ್ರ ಕೈಕೊಡುತ್ತದೆ. ನಿಂತ ಹೊತ್ತೂ ಒಟ್ಟು ಕಾಲಕ್ಕೆ ಸೇರುವುದರಿಂದ ಸರಾಸರಿ ಸುಮಾರು 43.6ಕ್ಕೆ ಇಳಿಯುತ್ತದೆ.

ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ದೈಮರ್ 1934ರಲ್ಲಿ ಐನ್‌ಸ್ಟೈನರಿಗೆ ಇಂಥದೇ ಒಂದು ಲೆಕ್ಕವನ್ನು ಪತ್ರದಲ್ಲಿ ಕಳಿಸಿದ್ದರು. ಹಳೆಯ ಕಾರೊಂದು ಒಂದು ಮೈಲಿ ಏರನ್ನು ಗಂಟೆಗೆ 15 ಮೈಲಿ ಜವದಲ್ಲಿ ಹತ್ತುತ್ತದೆ. ಏರು ಇಳಿತಗಳೆರಡೂ ಸೇರಿ ಸರಾಸರಿ 30 ಆಗಬೇಕಾದರೆ ಮುಂದಿನ ಒಂದು ಮೈಲಿ ಇಳಿಜಾರಿನಲ್ಲಿ ಅದರ ಜವ ಎಷ್ಟಿರಬೇಕು? 45 ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ಎರಡು ಮೈಲಿಯನ್ನು 30ರ ಸರಾಸರಿಯಲ್ಲಿ ಕ್ರಮಿಸಲು ಇರುವುದು 4 ನಿಮಿಷ, ಅಷ್ಟೂ ಏರು ಹತ್ತುವುದರಲ್ಲೇ ಮುಗಿದುಹೋಗಿದೆ! ಲೆಕ್ಕ ಹಾಕುವವರೆಗೂ ಇಳಿಯಲು ಕಾಲವೇ ಉಳಿದಿಲ್ಲವೆಂಬುದು ತಮ್ಮ ಗಮನಕ್ಕೆ ಬರಲಿಲ್ಲವೆಂದು ಐನ್‌ಸ್ಟೈನ್ ಉತ್ತರ ಬರೆದರು. ನನಗೆ ಬಹಳ ಪ್ರಿಯವಾದ ಲೆಕ್ಕವಿದು.

ಜವದ ಬದಲು, ದಿಕ್ಕನ್ನೂ ಲೆಕ್ಕಕ್ಕೆ ಹಿಡಿಯುವ ಸರಾಸರಿ ವೇಗವನ್ನು ಕೇಳಿದರೆ ಮಾತ್ರ ದೂರದ ಬದಲು ಸ್ಥಾನಪಲ್ಲಟವನ್ನು, ಅಂದರೆ ಹೊರಟ ಜಾಗದಿಂದ ಕೊನೆಗೆ ತಲುಪಿದ ಜಾಗಕ್ಕಿರುವ ನೇರ ಅಂತರವನ್ನು ದಿಕ್ಕಿನೊಂದಿಗೆ ತೆಗೆದುಕೊಳ್ಳಬೇಕು. ಹೊರಟ ಮೈಸೂರಿಗೇ ಮರಳಿದ ಬಸ್ಸಿಗೆ ಅದು ಸೊನ್ನೆ.

ಈಗ ಅದೇ ದಾರಿಯಲ್ಲಿ, ಎಲ್ಲಿಯೂ ನಿಲ್ಲದೆ 40ರಲ್ಲಿ ಹೋದ ಬಸ್ಸಿನ ಒಟ್ಟು ಸರಾಸರಿ 60 ಆಗಬೇಕಾದರೆ ಅದು ಯಾವ ಜವದಲ್ಲಿ ಹಿಂತಿರುಗಬೇಕು, ಆ ದಾರಿಯಲ್ಲಿ ಅದು ಸಾಧ್ಯವೇ ಎಂಬುದನ್ನು ಲೆಕ್ಕ ಹಾಕು. ಕಾಲದ ಲೆಕ್ಕವನ್ನು ಮೊದಲ ಸಾಲಿನಲ್ಲೇ ಬರೆದು ನನಗೆ ಕಳಿಸು.

ಇಂತಿ ನಿನ್ನ,
ಅಮ್ಮ